ನೀರು ಕಟ್ಟಿದ ಊರು ಸಿನ್ಸಿನಾಟಿ

ಅಮೆರಿಕದ ಓಹಾಯೊ ನದಿಯ ಉತ್ತರ ದಂಡೆಯಲ್ಲಿರುವ ಸಿನ್ಸಿನಾಟಿ ಸುಮಾರು ಮೂರು ಲಕ್ಷ ಜನರ ಊರು. ಇದರ ಡೌನ್‌ಟೌನ್ ಅನ್ನು ನೋಡಲು ಕಾರು ಬೇಡ, ಗಟ್ಟಿ ಚಪ್ಪಲಿ ಸಾಕು. ನಡಿಗೆ ಮಾತ್ರ ನದಿಯ ಕಡೆಯಿಂದಲೇ ಶುರುವಾಗಬೇಕು. ಏಕೆಂದರೆ ಈ ಊರನ್ನು ಕಟ್ಟಿದ್ದೇ ನೀರು.

ದಂಡೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಜಾನ್ ರೋಬ್ಲಿಂಗ್ ಕಟ್ಟಿಸಿದ ತೂಗುಸೇತುವೆ. ನಡುವಿನ ಹರವು 1,057 ಅಡಿ. 1867ರ ಹೊಸವರ್ಷದ ದಿನ ಉದ್ಘಾಟನೆಯಾದಾಗ ಅಷ್ಟು ಉದ್ದದ ಹರವಿನ ತೂಗುಸೇತುವೆ ಜಗತ್ತಿನಲ್ಲಿ ಇನ್ನೊಂದಿರಲಿಲ್ಲ. ನ್ಯೂಯಾರ್ಕಿನ ಪ್ರಖ್ಯಾತ ಬ್ರೂಕ್ಲಿನ್ ಸೇತುವೆ ಇದರ ತಮ್ಮ. ಆಚೆ ದಡ ಕೆಂಟಕಿ. ಅಂತರ್ಯುದ್ಧದ ತನಕ ಅಲ್ಲಿ ಗುಲಾಮಗಿರಿ ಕಾನೂನುಬದ್ಧವಾಗಿತ್ತು, ಈಚೆ ಅದಕ್ಕೆ ಅವಕಾಶವಿರಲಿಲ್ಲ. ಓಡಿ ಬಂದವರು ಜೀವ ಕೈಯಲ್ಲಿ ಹಿಡಿದು ದಾಟಿದ ನದಿ ಇದು. 2004ರಲ್ಲಿ ದಂಡೆಯಲ್ಲೇ ತೆರೆದ ಫ್ರೀಡಂ ಸೆಂಟರ್ ವಸ್ತುಸಂಗ್ರಹಾಲಯದಲ್ಲಿ ಕೆಂಟಕಿಯಿಂದ ಬಿಚ್ಚಿ ತಂದು ಮತ್ತೆ ಜೋಡಿಸಿದ ಮರದ ದಿಮ್ಮಿಗಳ ಕಟ್ಟಡವೊಂದಿದೆ. ಮಾರಾಟಕ್ಕೆ ಸಾಗಿಸುವ ಮೊದಲು ಮನುಷ್ಯರನ್ನು ಕೂಡಿಹಾಕುತ್ತಿದ್ದ ಕೊಟ್ಟಿಗೆ ಅದು. ಅದರೊಳಗೆ ನಿಲ್ಲದೆ ಈ ಊರು ಬಿಡಬಾರದು.

ಅಲ್ಲಿಂದ ಕೆಲವು ಬೀದಿ ಮೇಲೆ ಫೌಂಟನ್ ಸ್ಕ್ವೇರ್. ಹೆನ್ರಿ ಪ್ರೊಬಾಸ್ಕೊ ಎಂಬ ವರ್ತಕ ತನ್ನ ಭಾವಮೈದುನ ಟೈಲರ್ ಡೇವಿಡ್‌ಸನ್ ನೆನಪಿಗೆ 1871ರಲ್ಲಿ ಊರಿಗೆ ಕೊಟ್ಟ ಕಾರಂಜಿ ಇಲ್ಲಿದೆ. ಎರಕ ಹೊಯ್ದದ್ದು ಜರ್ಮನಿಯ ಮ್ಯೂನಿಕ್‌ನಲ್ಲಿ. ತುದಿಯಲ್ಲಿ ಎರಡೂ ಕೈ ಚಾಚಿ ನಿಂತ ಹೆಣ್ಣು, ಅವಳ ಅಂಗೈಗಳಿಂದ ನೀರು ಸುರಿಯುತ್ತದೆ. ಫೋಟೊ ತೆಗೆಯುವವರೆಲ್ಲ ಅವಳನ್ನೇ ನೋಡುತ್ತಾರೆ. ನನಗೆ ಹೆಚ್ಚು ಇಷ್ಟ ಅವಳ ಕಾಲ ಕೆಳಗಿನ ಜನ. ಮಳೆಗಾಗಿ ಕಾಯುವ ರೈತ, ಉರಿಯುವ ಸೂರಿನ ಮೇಲೆ ನಿಂತು ನೀರಿಗೆ ಮೊರೆಯಿಡುವವ, ಮಗುವನ್ನು ಸ್ನಾನಕ್ಕೆ ಕರೆದೊಯ್ಯುವ ತಾಯಿ, ಮುದಿ ತಂದೆಗೆ ನೀರು ಕುಡಿಸುವ ಮಗಳು. ರಾಜ, ಸೇನಾಪತಿ ಯಾರೂ ಇಲ್ಲ.

ಉತ್ತರಕ್ಕೆ ನಡೆದರೆ ಅಗಲವಾದ ಸೆಂಟ್ರಲ್ ಪಾರ್ಕ್‌ವೇ. ಇಲ್ಲಿ ಮೊದಲು ಮಯಾಮಿ-ಈರಿ ಕಾಲುವೆ ಹರಿಯುತ್ತಿತ್ತು. ಆಚೆ ನೆಲೆಸಿದ್ದ ಜರ್ಮನ್ ವಲಸಿಗರಿಗೆ ಅದೇ ರೈನ್ ನದಿ. ಹಾಗಾಗಿ ಅವರ ಕೇರಿ ಇಂದಿಗೂ ಓವರ್-ದ-ರೈನ್. ರೈಲು ಬಂದು ಕಾಲುವೆ ಬರಿದಾದ ಮೇಲೆ, 1920ರಲ್ಲಿ ಅದರ ಪಾತ್ರದಲ್ಲೇ ಸುರಂಗ ರೈಲುಮಾರ್ಗದ ಕೆಲಸ ಶುರುವಾಯಿತು. ಮೊದಲ ಮಹಾಯುದ್ಧದ ನಂತರ ಬೆಲೆಗಳು ಏರಿ, ಇದ್ದ ಹಣ ಸಾಲದೆ ಕೆಲಸ ನಿಂತಿತು. ಎರಡು ಮೈಲಿಗೂ ಮಿಕ್ಕ ಸುರಂಗ ಇಂದಿಗೂ ರಸ್ತೆಯಡಿ ಇದೆ. ಒಂದು ರೈಲೂ ಪ್ರಯಾಣಿಕರನ್ನು ಹೊತ್ತು ಅಲ್ಲಿ ಓಡಲಿಲ್ಲ. 1950ರ ದಶಕದಲ್ಲಿ ಊರಿಗೆ ನೀರು ಪೂರೈಸುವ ದೊಡ್ಡ ಕೊಳವೆಯನ್ನು ಅದರೊಳಗೆ ಹಾಯಿಸಿದರು.

ಓವರ್-ದ-ರೈನ್ ಪಟ್ಟ ಪಾಡು ಸಣ್ಣದಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಹೆಸರಿನ ಬೀದಿಗಳಿಗೆ ಬೇರೆ ಹೆಸರಿಟ್ಟರು, ಬ್ರೆಮೆನ್ ಬೀದಿ ರಿಪಬ್ಲಿಕ್ ಬೀದಿಯಾಯಿತು. ಪಾನನಿಷೇಧ ಬಂದು ಬಿಯರ್ ಕಾರ್ಖಾನೆಗಳು ಬಾಗಿಲು ಹಾಕಿದವು. ಉಳ್ಳವರು ಹೊರಟುಹೋದರು, ಬಡ ಕಪ್ಪು ಕುಟುಂಬಗಳು ಉಳಿದವು. 2001ರಲ್ಲಿ ನಿರಾಯುಧ ಕಪ್ಪು ಯುವಕನೊಬ್ಬ ಪೊಲೀಸ್ ಗುಂಡಿಗೆ ಬಲಿಯಾದಾಗ ಕೇರಿ ಹೊತ್ತಿ ಉರಿಯಿತು. ಆಮೇಲಿನ ವರ್ಷಗಳಲ್ಲಿ ಕೆಂಪು ಇಟ್ಟಿಗೆಯ ಮನೆಗಳು ಚೆಂದವಾಗಿ ದುರಸ್ತಿಯಾದವು, ಬಾಡಿಗೆಯೂ ಏರಿತು. ಕೆಟ್ಟ ದಿನಗಳಲ್ಲಿ ಕೇರಿಯನ್ನು ಬಿಡದೆ ಬದುಕಿದವರಲ್ಲಿ ಎಷ್ಟೋ ಮಂದಿ ಒಳ್ಳೆಯ ದಿನಗಳಲ್ಲಿ ಜಾಗ ಖಾಲಿ ಮಾಡಬೇಕಾಯಿತು. ಈ ಅನ್ಯಾಯವನ್ನು ಹೇಳದೆ ಆ ಮನೆಗಳ ಅಂದವನ್ನಷ್ಟೇ ಹೊಗಳಲು ನನಗೆ ಮನಸ್ಸಿಲ್ಲ.

ಅದರ ನಡುವೆಯೂ ಎಲ್ಲರೂ ಬಂದು ಹೋಗುವ ಜಾಗವೆಂದರೆ 1852ರಲ್ಲಿ ಶುರುವಾದ ಫಿಂಡ್ಲೆ ಮಾರ್ಕೆಟ್. ತರಕಾರಿ, ಮಾಂಸ, ಚೀಸ್, ಹೂವು, ಎಲ್ಲವೂ ಅಲ್ಲಿ ಸಿಗುತ್ತವೆ. ಶನಿವಾರ ಬೆಳಿಗ್ಗೆ ಹೋಗಬೇಕು. ವಾಪಸು ನದಿ ದಂಡೆಗೆ 2016ರಲ್ಲಿ ಶುರುವಾದ ಟ್ರಾಮ್ ಇದೆ.