ಮೀಟರಿನೊಳಗೆ ಮಳೆಗಾಲ

ಉಪ್ಪ ಓಡಿಸುತ್ತಿದ್ದ ಯೆಜ್ಡಿ ರೋಡ್‌ಕಿಂಗ್ ಈಗಲೂ ನಮ್ಮ ಮನೆಯಲ್ಲಿದೆ. ಜೂನ್ ಬಂತೆಂದರೆ ಸ್ಪೀಡೋಮೀಟರಿನ ಗಾಜಿಗೆ ಒಳಗಿನಿಂದ ಹಬೆ ಕೂರುತ್ತದೆ. ಕಳೆದ ಮಳೆಗಾಲ ಗಾಜಿನ ಸುತ್ತ ಸಿಲಿಕೋನ್ ಮೆತ್ತಿದೆವು, ತಳದ ಸಣ್ಣ ತೂತನ್ನೂ ಬಿಡಲಿಲ್ಲ. ನಮ್ಮ ಬುದ್ಧಿವಂತಿಕೆ! ಒಳಗಿದ್ದ ತೇವ ಹೊರಗೆ ಹೋಗಲಾಗದೆ ಮುಳ್ಳಿನ ಬುಡಕ್ಕೆ ತುಕ್ಕು ಹಿಡಿಯಿತು.

"ಮೂಗು ಮುಚ್ಚಿದ್ರೆ ಉಸಿರಾಡೋದು ಹೇಗೆ?" ಅಂದರು ಮೆಕ್ಯಾನಿಕ್ ಕಾಕ. ಮಳೆಗೆ ಗಾಜು ತಣ್ಣಗಾದಾಗ ಒಳಗಿನ ಗಾಳಿಯ ತೇವ ಹನಿಯಾಗುತ್ತದೆ. ಅದು ಒಣಗಲಿ ಅಂತಲೇ ಆ ತೂತು. ನೀರು ನುಗ್ಗುವುದು ಹೆಚ್ಚಾಗಿ ಗಾಜಿನಡಿಯ ಹಳೆ ರಬ್ಬರ್ ಗಟ್ಟಿಯಾದಾಗ, ಇಲ್ಲವೇ ಕೇಬಲಿನ ಹೊರಕವಚ ಹರಿದಾಗ.

ಮೀಟರ್ ಕಳಚಿ, ಲೋಹದ ರಿಂಗಿನ ಮಡಚಿದ ಅಂಚನ್ನು ಸ್ವಲ್ಪ ಸ್ವಲ್ಪವೇ ಎಬ್ಬಿಸಿದೆವು. ಅರ್ಧ ದಿನ ಹೋಯಿತು. ಅವಸರ ಮಾಡಿದರೆ ರಿಂಗ್ ಸೀಳುತ್ತದೆ. ಡಯಲ್ ಒರೆಸಲು ಹೋಗಬೇಡಿ, ಅಂಕಿಗಳು ಬಟ್ಟೆಗೇ ಬಂದುಬಿಡುತ್ತವೆ. ಹೇರ್ ಡ್ರೈಯರಿನ ಬಿಸಿಯೂ ಬೇಡ. ಮುಚ್ಚಿದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಎರಡು ದಿನ ಇಟ್ಟೆವು. ಹೊಸ ರಬ್ಬರ್ ಹಾಕಿ ಅಂಚು ಮಡಚಿದೆವು, ತೂತು ಬಿಡಿಸಿದೆವು. ಕೇಬಲಿಗೆ ಗ್ರೀಸ್ ಕೆಳಭಾಗಕ್ಕಷ್ಟೇ. ಜಾಸ್ತಿಯಾದರೆ ಮೀಟರಿನೊಳಗೆ ಏರುತ್ತದೆ.

"ಬೇರೆ ಮೀಟರ್ ಹಾಕಿ, ಸೊನ್ನೆಯಿಂದ ಶುರುವಾಗ್ತದೆ" ಅಂದವರಿದ್ದರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ನಿಂತಿದೆ, ಅಸಲಿ ಮೀಟರ್ ಹುಡುಕುವುದು ಕಷ್ಟ. ಅದಿರಲಿ, ಆ ಕಿಲೋಮೀಟರುಗಳು ಉಪ್ಪ ಓಡಿಸಿದ್ದಲ್ಲವೇ? ಮುಳ್ಳು ನಲವತ್ತರ ಹತ್ತಿರ ಈಗಲೂ ತುಸು ನಡುಗುತ್ತದೆ. ಅಂಕಿಗಳನ್ನು ಮಾತ್ರ ಮಳೆಯಲ್ಲೂ ಓದಬಹುದು.