ಗುಡ್ಡ ಜರಿದ ಮೇಲೆ ಬರುವ ಭಯ

ಹೇಮಾವತಿ ಹುಟ್ಟುವ ಜಾವಳಿಯ ಸುತ್ತಮುತ್ತಲಿನವರು ಮಳೆಗೆ ಹೆದರುವ ಜನರಲ್ಲ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ಕಳೆದರೂ ಪೂರ್ತಿ ಬಿಡುವುದಿಲ್ಲ, ಕರೆಂಟ್ ಹೋದರೆ ವಾರಗಟ್ಟಲೆ ಬರುವುದಿಲ್ಲ, ಅಂಗಳದಲ್ಲೇ ಜಲ ಏಳುತ್ತದೆ. ಇಷ್ಟೂ ಗೊತ್ತಿದ್ದೇ ಬೇಸಿಗೆಯಲ್ಲಿ ಸೌದೆ ಒಟ್ಟಿ, ಹಪ್ಪಳ ಸಂಡಿಗೆ ಒಣಗಿಸಿಟ್ಟುಕೊಂಡು ಮಳೆಗಾಲಕ್ಕೆ ಅಣಿಯಾಗುವವರು. ಮಳೆ ಕೈಕೊಟ್ಟರೆ ಇಲ್ಲಿ ಚಿಂತೆ, ಹೊಡೆದರೆ ಅಲ್ಲ. 2019ರ ಆಗಸ್ಟ್‌ನ ಆಶ್ಲೇಷ ಮಳೆ ಈ ಲೆಕ್ಕವನ್ನೇ ತಪ್ಪಿಸಿತು. ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಂಥ ಊರುಗಳಲ್ಲಿ ಗುಡ್ಡ ಜರಿದು ಮನೆ, ಗದ್ದೆ, ಕಾಫಿ ತೋಟಗಳು ಕೆಸರಿನಡಿ ಸೇರಿದವು. ಚಾರ್ಮಾಡಿ ಘಾಟಿ ಅಲ್ಲಲ್ಲಿ ಕುಸಿದು ರಸ್ತೆ ಬಂದ್ ಆಯಿತು. ಹಿಂದಿನ ವರ್ಷವಷ್ಟೇ ಕೊಡಗು ಇದನ್ನೇ ಕಂಡಿತ್ತು.

ಎಷ್ಟು ಮನೆ ಬಿದ್ದವು, ಎಷ್ಟು ಎಕರೆ ಹೋಯಿತು ಎಂಬುದನ್ನು ಕಂದಾಯ ಇಲಾಖೆ ಪಟ್ಟಿ ಮಾಡುತ್ತದೆ. ಪಟ್ಟಿಗೆ ಸೇರದ ಇನ್ನೊಂದು ನಷ್ಟವಿದೆ. ಅದು ದುರಂತದ ದಿನ ಕಾಣಿಸುವುದೇ ಇಲ್ಲ.

ಗುಡ್ಡ ಜರಿದ ಊರುಗಳಲ್ಲಿ ಸಾಮಾನ್ಯವಾಗಿ ಹೀಗಾಗುತ್ತದೆ. ಆ ರಾತ್ರಿ ಮಕ್ಕಳನ್ನು ಎತ್ತಿಕೊಂಡು ಕತ್ತಲಲ್ಲಿ ಹಳ್ಳ ದಾಟಿದ ಹೆಂಗಸು ಕಾಳಜಿ ಕೇಂದ್ರದಲ್ಲಿ ಗಟ್ಟಿಯಾಗಿಯೇ ಇರುತ್ತಾಳೆ. ಅಡುಗೆಗೆ ಕೈ ಹಚ್ಚುತ್ತಾಳೆ, ಅತ್ತವರನ್ನು ಸಮಾಧಾನ ಮಾಡುತ್ತಾಳೆ. ನೋಡಿದವರು ಭೇಷ್ ಎನ್ನುತ್ತಾರೆ. ಕೇಂದ್ರ ಮುಚ್ಚಿ, ನೆಂಟರು ಹೊರಟುಹೋಗಿ, ಪೇಟೆಯಿಂದ ಬಂದ ಅಕ್ಕಿ ಕಂಬಳಿ ಮುಗಿದ ಮೇಲೆ ಅವಳಿಗೆ ನಿದ್ದೆ ಹೋಗುತ್ತದೆ. ಹೆಂಚಿನ ಮೇಲೆ ಮಳೆಯ ಸದ್ದು ಸ್ವಲ್ಪ ದಪ್ಪವಾದರೆ ಸಾಕು, ಟಾರ್ಚ್ ಹಿಡಿದು ಹಿತ್ತಲಿನ ಧರೆ ನೋಡಿಬರಲು ಹೊರಡುತ್ತಾಳೆ. ಬಂದು ಮಲಗಿದವಳು ಮತ್ತೆ ಏಳುತ್ತಾಳೆ. ಗಂಡ ಮೊದಲಿಗಿಂತ ಹೆಚ್ಚು ಕುಡಿಯತೊಡಗುತ್ತಾನೆ, ಸಣ್ಣದಕ್ಕೂ ರೇಗುತ್ತಾನೆ. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟು ವರ್ಷಗಳಾಗಿದ್ದ ಹುಡುಗ ಮತ್ತೆ ಶುರು ಮಾಡುತ್ತಾನೆ. ಪಕ್ಕದ ಮನೆಯವರು ಕಳಕಳಿಯಿಂದಲೇ ಹೇಳುತ್ತಾರೆ: “ಆಗಿದ್ದು ಆಗಿ ಹೋಯ್ತಲ್ಲ ಮಾರಾಯ್ತಿ, ಇನ್ನೂ ಎಂತ ಹೆದ್ರಿಕೆ?”

ಈ ಪ್ರಶ್ನೆಗೆ ಬೆಂಗಳೂರಿನ ಪ್ರಯೋಗಾಲಯಗಳು ಸುಮಾರು ಮೂವತ್ತು ವರ್ಷಗಳಿಂದ ಉತ್ತರ ಹುಡುಕುತ್ತಿವೆ. ಸಿಕ್ಕಿರುವ ಉತ್ತರ ನಮ್ಮ ಮಲೆನಾಡಿಗೆ ತೀರಾ ಹತ್ತಿರದ್ದು.

ಮೊದಲು ಆ ರಾತ್ರಿ ದೇಹದಲ್ಲಿ ಏನಾಗುತ್ತದೆ ನೋಡೋಣ. ಗುಡ್ಡದ ಸದ್ದು ಕೇಳಿದ ಕ್ಷಣಕ್ಕೇ ಅಡ್ರಿನಾಲಿನ್ ರಕ್ತಕ್ಕೆ ಸೇರಿ ಎದೆ ಹೊಡೆದುಕೊಳ್ಳುತ್ತದೆ, ಕಾಲಿಗೆ ಬಲ ಬರುತ್ತದೆ. ಅದರ ಹಿಂದೆಯೇ ನಿಧಾನದ ಇನ್ನೊಂದು ಸರಣಿ ಹೊರಡುತ್ತದೆ. ಮೆದುಳಿನ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಸಂದೇಶ ಕಳಿಸುತ್ತದೆ, ಪಿಟ್ಯುಟರಿಯಿಂದ ಅದು ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಗೆ ಮುಟ್ಟುತ್ತದೆ, ಅವು ಕಾರ್ಟಿಸಾಲ್ ಸುರಿಸುತ್ತವೆ. ಸಕ್ಕರೆಯನ್ನು ರಕ್ತಕ್ಕೆ ಒದಗಿಸುವುದು, ತಕ್ಷಣಕ್ಕೆ ಬೇಡದ ಕೆಲಸಗಳನ್ನು ಮುಂದೂಡುವುದು ಕಾರ್ಟಿಸಾಲ್‌ನ ಕೆಲಸ. ಸಾಕಷ್ಟಾಯಿತೆಂದು ಮೆದುಳಿಗೆ ತಿಳಿಸಿ ಸರಣಿಯನ್ನು ನಿಲ್ಲಿಸುವುದೂ ಅದೇ. ಮಕ್ಕಳನ್ನು ಎತ್ತಿಕೊಂಡು ಹಳ್ಳ ದಾಟುವ ಶಕ್ತಿ ಬಂದದ್ದು ಇಲ್ಲಿಂದ. ಕಾರ್ಟಿಸಾಲ್ ಅಂದರೆ ವಿಷ ಎಂಬಂತೆ ಈಚೆಗೆ ಮೊಬೈಲ್ ವಿಡಿಯೊಗಳಲ್ಲಿ ಹೇಳುತ್ತಿರುವುದು ತಪ್ಪು. ಅದಿಲ್ಲದೆ ನಾವು ಬದುಕುವುದೇ ಇಲ್ಲ. ಬೆಳಿಗ್ಗೆ ಎದ್ದಾಗ ಅದು ಏರಿರುವುದೂ ಸಹಜವೇ.

ದೇಹ ಯಾವ ಬಗೆಯ ಪೆಟ್ಟಿಗೂ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಸ್ಪಂದಿಸುತ್ತದೆ ಎಂದು ಹಾನ್ಸ್ ಸೆಲ್ಯೆ 1936ರಲ್ಲೇ ಬರೆದಿದ್ದ. ಆದರೆ ಈ ಹಾರ್ಮೋನ್ ಮೆದುಳನ್ನೂ ಮುಟ್ಟುತ್ತದೆ ಎಂಬುದು ಸ್ಪಷ್ಟವಾಗಲು ಇನ್ನೂ ಮೂರು ದಶಕ ಬೇಕಾಯಿತು. 1968ರಲ್ಲಿ ಅಮೆರಿಕದ ಬ್ರೂಸ್ ಮೆಕ್‌ಇವೆನ್ ಮತ್ತು ಸಂಗಡಿಗರು ಇಲಿಗಳ ಮೆದುಳಿನ ಹಿಪೊಕ್ಯಾಂಪಸ್ ಭಾಗ ಒತ್ತಡದ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುವುದನ್ನು ತೋರಿಸಿದರು. ನೆನಪಿಗೆ ಸ್ಥಳ, ಕಾಲಗಳ ಗುರುತು ಹಚ್ಚುವ ಭಾಗ ಅದು. ‘ಅದು ಆ ದಿನದ ಮಳೆ, ಇದು ಬೇರೆ ಮಳೆ’ ಎಂದು ಬಿಡಿಸಿ ಹೇಳಬೇಕಾದದ್ದು ಅದೇ. ಅಪಾಯದ ಗಂಟೆ ಬಾರಿಸುವ ಅಮಿಗ್ಡಲ ಅದರ ಪಕ್ಕದಲ್ಲೇ ಇದೆ.

ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ನರಶರೀರಶಾಸ್ತ್ರ ವಿಭಾಗದವರು 1990ರ ದಶಕದಲ್ಲೇ, ದಿನವೂ ಕೆಲ ಗಂಟೆ ಅಲುಗದಂತೆ ಹಿಡಿದಿಟ್ಟ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ನರಕೋಶಗಳು ಹೇಗೆ ಬದಲಾಗುತ್ತವೆಂದು ಎಣಿಸಿ ನೋಡಿದ್ದರು. 2002ರಲ್ಲಿ ಬೆಂಗಳೂರಿನದೇ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಾದ ಎನ್‌ಸಿಬಿಎಸ್‌ನ ಸುಮಂತ್ರ ಚಟರ್ಜಿಯವರ ತಂಡ, ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಅವರ ಜೊತೆಗೂಡಿ, ಹಿಪೊಕ್ಯಾಂಪಸ್, ಅಮಿಗ್ಡಲ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿತು. ವಿಧಾನ ಹಳೆಯದು, ಬೆಳ್ಳಿಯ ಲವಣದಿಂದ ಬಣ್ಣ ಹಾಕುವ ಗಾಲ್ಜಿ ವಿಧಾನ. ಮೆದುಳಿನ ತುಣುಕಿನಲ್ಲಿ ಸಾವಿರಾರು ನರಕೋಶಗಳಿದ್ದರೂ ಬಣ್ಣ ಹಿಡಿಯುವುದು ಎಲ್ಲೋ ಕೆಲವು. ಹಿಡಿದವು ಮಾತ್ರ ತುದಿಯವರೆಗೆ ಕಪ್ಪಾಗಿ, ಒಂದೊಂದು ಕವಲೂ ಬಿಡಿಯಾಗಿ ಕಾಣುತ್ತದೆ. ಸೂಕ್ಷ್ಮದರ್ಶಕದಡಿ ಕೂತು ಆ ಕವಲುಗಳ ಉದ್ದ ಅಳೆಯಬೇಕು, ಕವಲಿನ ಮೇಲಿನ ಮುಳ್ಳಿನಂಥ ಮೊನೆಗಳನ್ನು ಎಣಿಸಬೇಕು. ಒಂದು ನರಕೋಶದ ಸಂದೇಶವನ್ನು ಇನ್ನೊಂದು ಪಡೆಯುವುದು ಹೆಚ್ಚಾಗಿ ಈ ಮೊನೆಗಳಲ್ಲೇ. ತಿಂಗಳುಗಟ್ಟಲೆ ತಾಳ್ಮೆ ಬೇಡುವ ಕೆಲಸ ಅದು.

ಹತ್ತು ದಿನ ಒತ್ತಡ ಅನುಭವಿಸಿದ ಇಲಿಗಳಲ್ಲಿ ಕಂಡದ್ದನ್ನು ಕಾಫಿ ತೋಟದವರಿಗೆ ಹೀಗೆ ಹೇಳಬಹುದು: ಹಿಪೊಕ್ಯಾಂಪಸ್‌ನ ನರಕೋಶಗಳು ಮಿತಿಮೀರಿ ಕಸಿ ಮಾಡಿದ ಗಿಡದ ಹಾಗೆ ಬೋಳಾಗಿದ್ದವು, ಅಮಿಗ್ಡಲದವು ಕಂಬಚಿಗುರು ತೆಗೆಯದೆ ಬಿಟ್ಟ ಗಿಡದ ಹಾಗೆ ಕವಲೊಡೆದು ಹಬ್ಬಿದ್ದವು. ಒಂದೇ ಮೆದುಳು, ಒಂದೇ ಹಾರ್ಮೋನ್, ಪರಿಣಾಮ ಮಾತ್ರ ತದ್ವಿರುದ್ಧ. ಬಿಡಿಸಿ ಹೇಳುವವನು ಸೊರಗುತ್ತಾನೆ, ಗಂಟೆ ಬಾರಿಸುವವನು ಬಲಿಯುತ್ತಾನೆ. ಆಮೇಲೆ ಇಲಿಗಳನ್ನು 21 ದಿನ ಅವುಗಳ ಪಾಡಿಗೆ ಬಿಟ್ಟು ನೋಡಿದರು. ಅಮಿಗ್ಡಲದ ಬೆಳವಣಿಗೆ ಹಿಂದಕ್ಕೆ ಹೋಗಲಿಲ್ಲ, ಅಂಜಿಕೆಯೂ ಇಳಿಯಲಿಲ್ಲ.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಸಂಗತಿ 2005ರ ಪ್ರಯೋಗದ್ದು. ಈ ಸಲ ಒತ್ತಡ ಕೊಟ್ಟದ್ದು ಒಂದೇ ಒಂದು ಬಾರಿ, ಎರಡು ಗಂಟೆ. ಇಲಿಯ ಅಂಜಿಕೆ ಅಳೆಯಲು ನೆಲದಿಂದ ಮೇಲೆತ್ತಿದ ಕೂಡುದಾರಿಯಂಥ ಹಲಗೆ ಇರುತ್ತದೆ: ಎರಡು ತೋಳಿಗೆ ಗೋಡೆಯುಂಟು, ಎರಡು ಬಯಲು. ಅಂಜಿದ ಇಲಿ ಗೋಡೆಯ ಮರೆ ಬಿಟ್ಟು ಹೊರಬರುವುದಿಲ್ಲ. ಒತ್ತಡದ ಮಾರನೆಯ ದಿನ ನೋಡಿದರೆ ಎಲ್ಲ ಮಾಮೂಲು. ಹಲಗೆಯ ಮೇಲೂ ಮಾಮೂಲು, ಅಮಿಗ್ಡಲದ ಮೊನೆಗಳ ಲೆಕ್ಕದಲ್ಲೂ ಮಾಮೂಲು. ಹತ್ತನೆಯ ದಿನಕ್ಕೆ ಮೊನೆಗಳು ಹೆಚ್ಚಾಗಿದ್ದವು, ಇಲಿಗಳು ಗೋಡೆಯ ಮರೆ ಸೇರಿದ್ದವು. ನಡುವೆ ಹೊಸ ಪೆಟ್ಟೇನೂ ಬಿದ್ದಿರಲಿಲ್ಲ. ಭಯ ಒಳಗೊಳಗೇ ಬೆಳೆಯಲು ಸಮಯ ತೆಗೆದುಕೊಂಡಿತ್ತು ಅಷ್ಟೆ.

ಇಲಿಯ ಹತ್ತು ದಿನ ಮನುಷ್ಯನ ಹತ್ತು ದಿನವಲ್ಲ, ಇಲಿಗೆ ಸಾಲವಿಲ್ಲ, ಪಹಣಿಯಿಲ್ಲ. ಹಾಗಿದ್ದರೂ ಮನೋವೈದ್ಯರು ರೋಗಿಗಳಲ್ಲಿ ಕಾಣುವುದಕ್ಕೂ ಇದಕ್ಕೂ ತಾಳೆಯಿದೆ. ಆಘಾತದ ನಂತರದ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ, ಎಂದು ಹೇಳಬೇಕಾದರೆ ಲಕ್ಷಣಗಳು ಒಂದು ತಿಂಗಳಿಗಿಂತ ಹೆಚ್ಚು ಉಳಿದಿರಬೇಕು. ಕೆಲವರಲ್ಲಿ ಅದು ಪೂರ್ಣ ರೂಪಕ್ಕೆ ಬರಲು ಆರು ತಿಂಗಳೂ ಮೀರುತ್ತದೆ. ಹೆಚ್ಚಿನವರು ಕಾಯಿಲೆಯ ಮಟ್ಟಕ್ಕೆ ಹೋಗದೆ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ ಎಂಬುದನ್ನೂ ಜೊತೆಗೇ ಹೇಳಬೇಕು. ಯಾರು ಚೇತರಿಸಿಕೊಳ್ಳುತ್ತಾರೆ, ಯಾರು ಕುಸಿಯುತ್ತಾರೆ ಎಂಬುದು ದುರಂತದ ರಾತ್ರಿಯಷ್ಟೇ ಅದರ ನಂತರದ ದಿನಗಳನ್ನೂ ಅವಲಂಬಿಸಿದೆ.

ಮಳೆಯ ಸದ್ದಿಗೆ ಬರೋಣ. 2015ರಲ್ಲಿ ಅದೇ ಎನ್‌ಸಿಬಿಎಸ್ ತಂಡ ಇಲಿಗಳಿಗೆ ಒಂದು ನಿರ್ದಿಷ್ಟ ಸದ್ದಿನ ಜೊತೆ ಮಾತ್ರ ಶಾಕ್ ಕೊಟ್ಟಿತು. ಶಾಕ್ ಹಗುರವಾಗಿದ್ದಾಗ ಇಲಿಗಳು ಆ ಸದ್ದಿಗೆ ಮಾತ್ರ ಹೆದರಿದವು. ಶಾಕ್ ಜೋರಾದಾಗ ಅಪಾಯವಿಲ್ಲದ ಬೇರೆ ಸದ್ದಿಗೂ ಹೆದರಿದವು, ಅಮಿಗ್ಡಲದ ನರಕೋಶಗಳೂ ಎರಡಕ್ಕೂ ಮಿಡಿಯತೊಡಗಿದವು. ಆಶ್ಲೇಷ ಮಳೆಗೆ ಹೆದರಬೇಕಾದವರು ರೇವತಿ ಅಶ್ವಿನಿಯ ಹೂಮಳೆಗೂ ಎದ್ದು ಕೂರುವುದು ಯಾಕೆಂದು ಇದರಿಂದ ಅರ್ಥವಾಗುತ್ತದೆ. ಕಾಫಿ ಹೂವಾಗಲು ಕಾಯುತ್ತಿದ್ದ ಮಳೆಯೇ ಈಗ ಬೆವರಿಳಿಸುತ್ತದೆ. ಹಣೆಯ ಹಿಂದಿನ ಮೆದುಳು ಇದಕ್ಕೆಲ್ಲ ಕಡಿವಾಣ ಹಾಕಬೇಕು, ಆದರೆ ಬಿಡದೆ ಕಾಡುವ ಒತ್ತಡಕ್ಕೆ ಅದರ ನರಕೋಶಗಳ ಕವಲುಗಳೂ ಕುಗ್ಗುತ್ತವೆ. ರೇಗುವುದು, ಯೋಚಿಸದೆ ಸಾಲಕ್ಕೆ ಸಹಿ ಹಾಕುವುದು, ಹಿಡಿದ ಕೆಲಸ ಅರ್ಧಕ್ಕೇ ಬಿಡುವುದು ಇವೆಲ್ಲ ಆ ಸಡಿಲ ಕಡಿವಾಣದ ಫಲವೂ ಆಗಿರಬಹುದು. ಅದನ್ನು ಸೋಮಾರಿತನ, ಹೇಡಿತನ ಎಂದು ಕರೆದರೆ ಆಗಲೇ ನೊಂದವರಿಗೆ ಇನ್ನೊಂದು ಪೆಟ್ಟು ಕೊಟ್ಟಂತೆ.

ಇನ್ನೊಂದು ಅಚ್ಚರಿಯಿದೆ. 2012ರಲ್ಲಿ ‘ಬಯಾಲಾಜಿಕಲ್ ಸೈಕಿಯಾಟ್ರಿ’ ಪತ್ರಿಕೆಯಲ್ಲಿ ಚಟರ್ಜಿ, ಮೆಕ್‌ಇವೆನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ, ಪೆಟ್ಟಿಗೆ ಮುಂಚೆಯೇ ಒತ್ತಡದ ಹಾರ್ಮೋನ್ ಪಡೆದಿದ್ದ ಇಲಿಗಳಲ್ಲಿ ಹತ್ತನೆಯ ದಿನದ ಅಂಜಿಕೆ ಬರಲೇ ಇಲ್ಲ. 2020ರಲ್ಲಿ, ಒತ್ತಡ ಮುಗಿದ ಸ್ವಲ್ಪ ಹೊತ್ತಿಗೆ ಕೊಟ್ಟರೂ ರಕ್ಷಣೆ ಸಿಗುತ್ತದೆಂದು ತೋರಿಸಿದರು. ಪೆಟ್ಟು ಬಿದ್ದ ಹೊತ್ತಿನಲ್ಲಿ ಏರುವ ಹಾರ್ಮೋನ್ ಕಾಪಾಡಬಲ್ಲದು, ಇಳಿಯಲು ಬಿಡದೆ ದಿನಗಟ್ಟಲೆ ಏರಿಸಿಟ್ಟರೆ ಅದೇ ಸವೆಸುತ್ತದೆ. ಇದನ್ನೇ ಔಷಧಿಯಾಗಿ ಹಂಚುವ ಹಂತಕ್ಕೆ ವೈದ್ಯಶಾಸ್ತ್ರ ಬಂದಿಲ್ಲ. ಆದರೆ ಆ ಮೊದಲ ದಿನಗಳಲ್ಲಿ ಏನು ಮಾಡಬಾರದು ಎಂಬುದರಲ್ಲಿ ಗೊಂದಲವಿಲ್ಲ. ಹೆದರಿದವರಿಗೆ ನಿದ್ದೆ ಮಾತ್ರೆ, ನೆಮ್ಮದಿಯ ಮಾತ್ರೆ ಕೊಟ್ಟು ಕಳಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಮೈಕ್ ಹಿಡಿದು “ಆ ರಾತ್ರಿ ಏನಾಯ್ತು ಹೇಳಿ” ಎಂದು ಒತ್ತಾಯಿಸುವುದರಿಂದಲೂ ಲಾಭವಿಲ್ಲ. ಸಾರಾಯಿ ಕಣ್ಣು ಮುಚ್ಚಿಸುತ್ತದೆ, ನಿದ್ದೆಯನ್ನು ಒಡೆಯುತ್ತದೆ.

ಕೆಲಸ ಮಾಡುವುದೇನು? ಬಲಿತ ಭಯಕ್ಕೆ ಚಿಕಿತ್ಸೆಯಿದೆ. ತರಬೇತಾದವರ ಜೊತೆ ಆ ನೆನಪನ್ನು, ಆ ಸದ್ದನ್ನು ಸ್ವಲ್ಪಸ್ವಲ್ಪವಾಗಿ ಎದುರಿಸುವ ಮಾತಿನ ಚಿಕಿತ್ಸೆ ಗುಣ ಕೊಡುತ್ತದೆ. ಬೇಕಾದವರಿಗೆ ಖಿನ್ನತೆಗೆ ಕೊಡುವ ಕೆಲವು ಔಷಧಿಗಳೂ ಆಗುತ್ತವೆ. ಹಳೆಯ ಭಯ ಇದರಿಂದ ಅಳಿದುಹೋಗುವುದಿಲ್ಲ, ಈ ಸದ್ದು ಈಗ ಅಪಾಯವಲ್ಲ ಎಂಬ ಹೊಸ ಕಲಿಕೆ ಅದರ ಮೇಲೆ ಕೂರುತ್ತದೆ. ಇದಕ್ಕೆಲ್ಲ ಪ್ರತಿ ತಾಲ್ಲೂಕಿಗೂ ಮನೋವೈದ್ಯರು ಸಿಗುವುದು ಕಷ್ಟ. ಆದರೆ ಸಾಮಾನ್ಯ ವೈದ್ಯರಿಗೇ ಮನೋವೈದ್ಯದ ತರಬೇತಿ ಕೊಡುವುದನ್ನು ನಿಮ್ಹಾನ್ಸ್ ಭೋಪಾಲದ ಅನಿಲ ದುರಂತದ ನಂತರ, 1985ರಲ್ಲೇ ಮಾಡಿತ್ತು. ಅದೇ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದು ನಡೆಸಿದ ಪ್ರಯೋಗವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರ್‌ನಿಂದ ಟೆಲಿಮಾನಸ್ ಸಹಾಯವಾಣಿಯೂ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ನೆಟ್‌ವರ್ಕ್ ಸಿಕ್ಕಿದರೆ.

ಚಿಕಿತ್ಸೆಗಿಂತ ಮೊದಲು ಬರಬೇಕಾದದ್ದು ಮನೆ. ಸೊರಗಿದ ಹಿಪೊಕ್ಯಾಂಪಸ್ ಮತ್ತೆ ಚಿಗುರುತ್ತದೆ ಎಂಬುದನ್ನೂ ನಿಮ್ಹಾನ್ಸ್ ಪ್ರಯೋಗಗಳೇ ತೋರಿಸಿವೆ. ಒತ್ತಡ ಅನುಭವಿಸಿದ ಇಲಿಗಳನ್ನು ಜೊತೆಗಾರರಿರುವ, ಓಡಾಡಲು ಜಾಗವಿರುವ, ದಿನಕ್ಕೊಂದು ಹೊಸ ವಸ್ತು ಸಿಗುವ ದೊಡ್ಡ ಗೂಡಿಗೆ ಬಿಟ್ಟಾಗ ಹೊಸ ನರಕೋಶಗಳು ಉಳಿದವು, ಖಿನ್ನತೆಯ ಲಕ್ಷಣಗಳು ತಗ್ಗಿದವು. 2019ರ ನಂತರ ಮೂಡಿಗೆರೆ ತಾಲ್ಲೂಕಿನ ಸಂತ್ರಸ್ತರು ಬದಲಿ ಜಾಗಕ್ಕಾಗಿ ವರ್ಷಗಟ್ಟಲೆ ಕಾದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇತ್ತು. ಕಾಯುವುದೂ ಒತ್ತಡವೇ, ಅದೂ ಅದೇ ಗುಡ್ಡದ ಬುಡದಲ್ಲಿ ಇನ್ನೊಂದು ಆಶ್ಲೇಷ ಕಳೆಯುತ್ತಾ ಕಾಯುವುದು. ಒಂದೂರಿನವರನ್ನು ಚದುರಿಸದೆ ಒಂದೇ ಕಡೆ ನೆಲೆ ಮಾಡಿಸುವುದನ್ನು ಕಂದಾಯದ ಕೆಲಸದ ಜೊತೆಗೆ ಮೆದುಳಿನ ಆರೈಕೆ ಎಂದೂ ಸರ್ಕಾರ ಎಣಿಸಬೇಕೆಂದು ನನ್ನ ಆಗ್ರಹ. ಪರಿಹಾರ ಕೇಂದ್ರಕ್ಕೆ ಬೀಗ ಹಾಕುವ ದಿನವೇ ಆಶಾ ಕಾರ್ಯಕರ್ತೆಯ ಕೈಗೆ ಒಂದು ಪಟ್ಟಿ ಕೊಡಬಹುದು: ಯಾರ ಮನೆಗೆ ಹದಿನೈದು ದಿನಕ್ಕೆ ಹೋಗಬೇಕು, ಯಾರ ಮನೆಗೆ ಮೂರು ತಿಂಗಳಿಗೆ, ಯಾರ ಮನೆಗೆ ಬರುವ ವರ್ಷ ಪುಷ್ಯ ಮಳೆ ಹಿಡಿಯುವ ಮೊದಲು. ಹೋದಾಗ ಕೇಳಬೇಕಾದದ್ದೂ ಸರಳ: ರಾತ್ರಿ ನಿದ್ದೆ ಬರುತ್ತದಾ, ಎಷ್ಟು ಸಲ ಎದ್ದು ಧರೆ ನೋಡುತ್ತೀರಿ, ಮಗು ಶಾಲೆಗೆ ಹೋಗುತ್ತಿದೆಯಾ.