ದತ್ತಸಂಚಯಕ್ಕೊಂದು ಕಿಟಕಿ

ಗ್ರಂಥಾಲಯದಿಂದ ಪುಸ್ತಕವನ್ನು ಎರವಲು ಪಡೆಯುವಾಗ ಗ್ರಂಥಪಾಲಕರು ನಮ್ಮ ಹೆಸರು, ಪುಸ್ತಕದ ಹೆಸರು, ದಿನಾಂಕ ಇವುಗಳನ್ನು ಬರೆದುಕೊಳ್ಳುವುದನ್ನು ನೀವು ಕಂಡಿರುವಿರಿ. ಇಂತಹ ದಾಖಲೆಗಳು ಸಾವಿರ, ಲಕ್ಷಗಳಾಗಿ ಬೆಳೆದಾಗ ಅವುಗಳನ್ನು ಗಣಕಯಂತ್ರದಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿಡಬೇಕಾಗುತ್ತದೆ. ಈ ಮಾಹಿತಿಯ ಭಂಡಾರವೇ ದತ್ತಸಂಚಯ ಅಥವಾ ಡೇಟಾಬೇಸ್.

ಮಾಹಿತಿಯನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಂತೆ ಜೋಡಿಸಿಡಬಹುದೆಂಬ ವಿಚಾರವನ್ನು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಅವರು 1970ರಲ್ಲಿ ಮಂಡಿಸಿದರು. ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಅವರು ಇಂತಹ ಕೋಷ್ಟಕಗಳಿಂದ ಮಾಹಿತಿಯನ್ನು ಕೇಳಿ ಪಡೆಯುವ ಭಾಷೆಯೊಂದನ್ನು 1974ರಲ್ಲಿ ಪ್ರಕಟಿಸಿದರು. ಅದೇ ಮುಂದೆ ಎಸ್‌ಕ್ಯೂಎಲ್ ಎಂದು ಹೆಸರಾಯಿತು.

ಈ ಭಾಷೆಯ ಆಜ್ಞೆಗಳನ್ನು ಕಪ್ಪು ತೆರೆಯ ಮೇಲೆ ಒಂದೊಂದಾಗಿ ಬರೆದೂ ಕೆಲಸ ಮಾಡಬಹುದು. ಆದರೆ ಕೋಷ್ಟಕಗಳನ್ನು ಕಣ್ಣಿಗೆ ಕಾಣುವಂತೆ ತೋರಿಸಿ, ಗುಂಡಿಯೊತ್ತಿ ಕೆಲಸ ನಡೆಸಲು ಅನುವು ಮಾಡಿಕೊಡುವ ತಂತ್ರಾಂಶಗಳೂ ಇವೆ. ಇವು ಭಂಡಾರವಲ್ಲ, ಭಂಡಾರದೊಳಕ್ಕೆ ತೆರೆದ ಕಿಟಕಿಗಳು. ಹಾಗಾದರೆ ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು?

ಮೊದಲು ನಮ್ಮ ಭಂಡಾರ ಯಾವುದೆಂದು ತಿಳಿಯಬೇಕು. ಪೋಸ್ಟ್‌ಗ್ರೆಸ್‌ಕ್ಯೂಎಲ್‌ಗೆ ಪಿಜಿಅಡ್ಮಿನ್, ಮೈಎಸ್‌ಕ್ಯೂಎಲ್‌ಗೆ ವರ್ಕ್‌ಬೆಂಚ್, ಎಸ್‌ಕ್ಯೂಲೈಟ್‌ಗೆ ಡಿಬಿ ಬ್ರೌಸರ್ ಇವು ವಿಶೇಷವಾಗಿ ರೂಪಿಸಿದ ಸಾಧನಗಳು. ಹಲವು ಬಗೆಯ ಭಂಡಾರಗಳನ್ನು ಒಂದೇ ಕಡೆಯಿಂದ ನೋಡಬೇಕಾದವರಿಗೆ ಡಿಬೀವರ್‌ನಂತಹ ಸಾಧನವು ಅನುಕೂಲ. ಇವೆಲ್ಲವೂ ಬೆಲೆಯಿಲ್ಲದೆ ದೊರೆಯುವ ರೂಪದಲ್ಲಿವೆ. ಆದುದರಿಂದ ಬೆಲೆಯೊಂದೇ ಆಯ್ಕೆಯ ಅಳತೆಗೋಲಾಗಲಾರದು.

ಇದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೊಂದಿದೆ: ನಾವು ತಪ್ಪಿದಾಗ ಸಾಧನವು ನಮ್ಮನ್ನು ತಡೆಯುವುದೇ? ಶಾಲೆ ಬಿಟ್ಟ ಒಬ್ಬ ವಿದ್ಯಾರ್ಥಿಯ ಹೆಸರನ್ನು ಅಳಿಸಬೇಕಾಗಿದೆ ಎಂದುಕೊಳ್ಳೋಣ. ‘ಅಳಿಸು’ ಎಂಬ ಆಜ್ಞೆಯನ್ನು ಬರೆದು, ಯಾರ ಹೆಸರನ್ನು ಎಂಬ ನಿಬಂಧನೆಯನ್ನು ಸೇರಿಸಲು ಮರೆತರೆ, ಕೋಷ್ಟಕದ ಎಲ್ಲ ಹೆಸರುಗಳೂ ಕ್ಷಣಮಾತ್ರದಲ್ಲಿ ಅಳಿಸಿಹೋಗಬಹುದು. ವರ್ಷಗಟ್ಟಲೆ ಬರೆದಿಟ್ಟುದು ಒಂದು ಸಾಲಿನ ಮರೆವಿಗೆ ಬಲಿಯಾಗುತ್ತದೆ.

ಉತ್ತಮ ಸಾಧನಗಳು ಇಂತಹ ಪ್ರಮಾದಕ್ಕೆ ಅಡ್ಡಗಟ್ಟೆ ಕಟ್ಟುತ್ತವೆ. ನಿಬಂಧನೆಯಿಲ್ಲದ ಅಳಿಸುವಿಕೆಯನ್ನು ವರ್ಕ್‌ಬೆಂಚ್ ತನ್ನ ಸುರಕ್ಷಿತ ವ್ಯವಸ್ಥೆಯಲ್ಲಿ ನಿರಾಕರಿಸುತ್ತದೆ. ಡಿಬಿ ಬ್ರೌಸರ್‌ನಲ್ಲಿ ನಾವು ಮಾಡಿದ ತಿದ್ದುಪಡಿಗಳನ್ನು ಸಾಮಾನ್ಯವಾಗಿ ನಾವೇ ಒಪ್ಪಿ ಬರೆಯಿಸುವವರೆಗೆ ಹಿಂದೆಗೆದುಕೊಳ್ಳಬಹುದು. ಡಿಬೀವರ್‌ನಲ್ಲಿ ಭಂಡಾರವನ್ನು ಓದಲು ಮಾತ್ರ ತೆರೆಯುವ ಸೌಲಭ್ಯವುಂಟು. ಕೇವಲ ನೋಡಬೇಕಾದವನ ಕೈಗೆ ಅಳಿಸುವ ಅಧಿಕಾರವೇಕೆ?

ಆದರೂ ಸಾಧನವೊಂದನ್ನೇ ನಂಬಿ ಕುಳಿತುಕೊಳ್ಳಬಾರದು. ಗುಂಡಿಯೊತ್ತಿದಾಗ ಒಳಗೆ ಯಾವ ಆಜ್ಞೆ ನಡೆಯುತ್ತದೆಂಬುದನ್ನು ಅರಿತವನೇ ತಪ್ಪನ್ನು ಮುಂಚಿತವಾಗಿ ಕಾಣಬಲ್ಲನು. ಭಂಡಾರದ ಪ್ರತಿಯೊಂದನ್ನು ಬೇರೆಡೆ ತೆಗೆದಿಡುವುದೂ ಅಷ್ಟೇ ಅಗತ್ಯ. ಕಿಟಕಿಯು ಎಷ್ಟೇ ಸುಂದರವಾಗಿರಲಿ, ನಾವು ಕಾಪಾಡಬೇಕಾದುದು ಅದರಾಚೆಯ ಭಂಡಾರವನ್ನು. ಏಕೆಂದರೆ ಅಲ್ಲಿರುವ ಒಂದೊಂದು ಸಾಲಿನ ಹಿಂದೆಯೂ ಒಬ್ಬ ಮನುಷ್ಯನ ಹೆಸರಿರಬಹುದು.